ಮಾಟಗಾತಿ ಮೇಜಿನ ಮೇಲಿರುವವರೆಗೆ

ನಮ್ಮತ್ತೆಯನ್ನು ಊರಿನ ಅರ್ಧ ಜನ ಜಡ್ಜಮ್ಮ ಎಂದೇ ಕರೆಯುತ್ತಾರೆ. ಕೋರ್ಟಿನ ಮೆಟ್ಟಿಲು ಹತ್ತಿದವರೇನಲ್ಲ. ಅವರು ಹತ್ತುವುದು ಹಲ್ಲಿನ ಆಸ್ಪತ್ರೆಯ ಪಕ್ಕದ ಕಿರಿದಾದ ಮೆಟ್ಟಿಲು. ಮೇಲೆ ಆಟದ ಸಾಮಾನಿನ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜುಗಳು. ವಾರಕ್ಕೊಂದು ಸಂಜೆ ಬೆಳೆದು ನಿಂತ ಗಂಡಸರು ಹೆಂಗಸರು ಅಲ್ಲಿ ಎದುರುಬದುರು ಕೂತು, ಘಟಸರ್ಪ, ರಾಕ್ಷಸ, ಮಾಟಗಾತಿಯರ ಚಿತ್ರವಿರುವ ಕಾರ್ಡುಗಳನ್ನು ಎಸೆದು ಒಬ್ಬರ ಕೋಟೆಯನ್ನು ಇನ್ನೊಬ್ಬರು ಕೆಡವುತ್ತಾರೆ. ಪ್ರತಿ ಕಾರ್ಡಿನ ಕೆಳಗೂ ಅದು ಏನು ಮಾಡುತ್ತದೆಂದು ಎರಡು ಸಾಲು ಇರುತ್ತದೆ. ಒಂದು ಕಾರ್ಡು ಹೊಡಿ ಎನ್ನುತ್ತದೆ, ಇನ್ನೊಂದು ಹೊಡೆಯುವಂತಿಲ್ಲ ಎನ್ನುತ್ತದೆ. ಆಗ ಇಬ್ಬರೂ ಕೈ ಎತ್ತಿ "ಜಡ್ಜಮ್ಮಾ!" ಎಂದು ಕೂಗುತ್ತಾರೆ.

ಅತ್ತೆ ಬರುತ್ತಾರೆ. ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಯುತ್ತದೆ. ಮೊದಲು ಇಬ್ಬರ ಬಾಯನ್ನೂ ಮುಚ್ಚಿಸಿ, ಆಮೇಲೆ ಎರಡೂ ಕಾರ್ಡನ್ನು ಜೋರಾಗಿ ಓದಿ, ತೀರ್ಪು ಕೊಟ್ಟು, ತಿರುಗಿಯೂ ನೋಡದೆ ಹೋಗುತ್ತಾರೆ. ಮರುಮಾತಾಡಿದವನು ಆ ಸಂಜೆಯಿಡೀ ಕುರ್ಚಿ ಜೋಡಿಸಬೇಕು. ಈ ನಿಯಮ ಎಲ್ಲೂ ಬರೆದಿಲ್ಲ. ಅತ್ತೆಯ ಮುಖ ನೋಡಿದರೆ ಗೊತ್ತಾಗುತ್ತದೆ.

ಉಳಿದ ದಿನಗಳಲ್ಲಿ ಅವರು ರೈಲು ನಿಲ್ದಾಣದಲ್ಲಿ, ಕಳೆದುಹೋದ ಸಾಮಾನಿನ ಕೌಂಟರಿನ ಹಿಂದೆ ಕೂರುತ್ತಾರೆ. ಒಂದೇ ಕಪ್ಪು ಕೊಡೆಗೆ ಇಬ್ಬರು ಜಗಳವಾಡುತ್ತ ಬಂದರೆ, "ಬಿಚ್ಚಿದ್ರೆ ಎಲ್ಲಿ ಸಿಕ್ಕಾಕ್ಕೊಳ್ಳತ್ತೆ?" ಎಂದು ಕೇಳುತ್ತಾರಂತೆ. ಕದಿಯಲು ಬಂದವನು ಕೊಡೆಯನ್ನು ಹೊಗಳುತ್ತಾನೆ. ಒಡೆಯನಾದವನು ಅದನ್ನು ಬಯ್ಯಲು ಶುರುಮಾಡುತ್ತಾನೆ. ಬಯ್ದವನ ಕೈಗೆ ಕೊಡೆ. ಅಂಥವರಿಗೆ ಘಟಸರ್ಪ ಯಾವ ಲೆಕ್ಕ? ಗಂಡನನ್ನು ಮನೆಗೆ ಎಳೆದು ತರಲೆಂದು ಅವರು ಮೊದಲ ಸಲ ಆ ಅಂಗಡಿಗೆ ಹೋದದ್ದು. ಪಕ್ಕದ ಮೇಜಿನಲ್ಲಿ ಇಬ್ಬರು ಕತ್ತಿನ ನರ ಉಬ್ಬಿಸಿಕೊಂಡು ಕಿರುಚಾಡುತ್ತಿದ್ದರು. ಅತ್ತೆ ಕಾರ್ಡು ಕಿತ್ತುಕೊಂಡು ಓದಿ, "ಇಲ್ಲಿ ನಿಮ್ಮ ಸರದಿಯಲ್ಲಿ ಅಂತಿದೆ. ಈಗ ಯಾರ ಸರದಿ? ಮತ್ಯಾಕೆ ಕೂಗಾಟ?" ಎಂದರು. ಕೋಣೆ ತಣ್ಣಗಾಯಿತು. ಅಂಗಡಿಯವನು ಓಡಿಬಂದು ಅವರಿಗೊಂದು ಕುರ್ಚಿ ಹಾಕಿದ. ಗಂಡನನ್ನು ಮನೆಗೆ ಕರೆದೊಯ್ಯುವ ವಿಷಯ ಅಲ್ಲಿಗೆ ಮರೆತೇಹೋಯಿತು.

ಆ ಗಂಡ ಎಂದರೆ ನಮ್ಮ ಮಾವ. ಲಿಫ್ಟ್ ರಿಪೇರಿ ಮಾಡುವವರು. ಅಂಗಡಿಯ ಗೋಡೆಯ ಮೇಲೆ ಪ್ರತಿ ಪಂದ್ಯಾವಳಿ ಗೆದ್ದವರ ಫೋಟೋ ಹಾಕಿರುತ್ತಾರೆ. ಅದನ್ನು ನೋಡಿ ಮಾವ ನಿಟ್ಟುಸಿರು ಬಿಡುವುದನ್ನು ನಾನು ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ.

"ಒಂದು ಸಲ ಆ ಗೋಡೆ ಮೇಲೆ ನನ್ನ ಫೋಟೋ ಬಂದ್ರೆ ಸಾಕು ಕಣಮ್ಮ."

"ಗೋಡೆ ಮೇಲೆ ಫೋಟೋ ಆಗೋಕೆ ಇನ್ನೂ ಸುಲಭದ ದಾರಿ ಇದೆ, ಅವಸರ ಮಾಡ್ಬೇಡಿ," ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಾರೆ.

ಮಾವ ಗೆದ್ದದ್ದೇ ಇಲ್ಲ. ಪಂದ್ಯಾವಳಿ ಬಿಡಿ, ಒಂದು ಆಟವನ್ನೂ ನೆಟ್ಟಗೆ ಗೆದ್ದವರಲ್ಲ. ದಡ್ಡರೇನಲ್ಲ, ಎದುರು ಕೂತು ಅಭ್ಯಾಸ ಮಾಡಲು ಅವರಿಗೆ ಜಾಗವಿಲ್ಲ, ಜನವಿಲ್ಲ. ಕಟ್ಟಡಗಳ ತಾರಸಿಯ ಮೇಲಿನ ಲಿಫ್ಟಿನ ಮೋಟಾರು ಕೋಣೆಯಲ್ಲಿ, ಗ್ರೀಸು ಮೆತ್ತಿದ ಡಬ್ಬದ ಮೇಲೆ ಕಾರ್ಡು ಹರಡಿಕೊಂಡು, ಎಡಗೈಗೂ ಬಲಗೈಗೂ ಯುದ್ಧ ಹಚ್ಚಿ ಆಡುತ್ತಿದ್ದರು. ಕೆಳಗೆ ಜನ ಗುಂಡಿ ಒತ್ತಿ ಒತ್ತಿ ಬಯ್ಯುತ್ತಿದ್ದರು. ಮನೆಯಲ್ಲಿ ಆಡುವ ಹಾಗಿರಲಿಲ್ಲ, ಏಕೆಂದರೆ ಮನೆಯಲ್ಲಿ ಅಜ್ಜಿಯ ಮಾತಿತ್ತು.

ಅಜ್ಜಿ, ಅಂದರೆ ಮಾವನ ತಾಯಿ, ನಾನು ಬರುವ ಮೊದಲೇ ತೀರಿಕೊಂಡವರು. ಅವರ ಗಂಡ ಒಮ್ಮೆ ಇಸ್ಪೀಟಾಡಿ ಹೆಂಡತಿಯ ಹೊಲಿಗೆ ಯಂತ್ರವನ್ನೇ ಸೋತು ಬಂದಿದ್ದರಂತೆ. ಯಂತ್ರ ಹೊತ್ತುಕೊಂಡು ಹೋಗಲು ಬಂದವರಿಗೆ ಅಜ್ಜಿಯೇ ಬಾಗಿಲು ತೆರೆದು, ಅದರೊಳಗೆ ಸಿಕ್ಕಿದ್ದ ಅರ್ಧ ಹೊಲಿದ ಅಂಗಿಯನ್ನು ಬಿಡಿಸಿಕೊಂಡು, "ನಾನಿರೋವರೆಗೂ ಈ ಮನೇಲಿ ಎಲೆ ಹಾಕ್ಬಾರ್ದು," ಎಂದರಂತೆ. ಅಲ್ಲಿಂದ ಮುಂದೆ ನಮ್ಮ ಹೊಸ್ತಿಲೊಳಗೆ ಯಾವ ಜಾತಿಯ ಕಾರ್ಡೂ ಬಿಚ್ಚಿಲ್ಲ. ಆ ಮಾತು ಕಾಯುವ ಕೆಲಸ ಅತ್ತೆಯ ಪಾಲಿಗೆ ಬಂತು. ಮಾವನ ಚೀಲ ಬಾಗಿಲಲ್ಲೇ ಅವರ ಕೈ ಸೇರಿ, ಚಪ್ಪಲಿ ಗೂಡಿನ ಮೇಲೆ ಕೂರುತ್ತಿತ್ತು. ಇದು ಹಣದ ಆಟವಲ್ಲ, ಬರೀ ಸರ್ಪ ಎಂದು ಮಾವ ಎಷ್ಟು ಗೋಗರೆದರೂ, "ಅತ್ತೆ ಎಲೆ ಅಂದ್ರು. ಸರ್ಪದ ಎಲೆಯೂ ಎಲೆಯೇ," ಎಂಬ ತೀರ್ಪು.

ಹೀಗಿರುವಾಗ ಕಳೆದ ಪಂದ್ಯಾವಳಿಯಲ್ಲಿ ನಮ್ಮ ಮಾವ ಅದು ಹೇಗೋ ಫೈನಲ್ ತಲುಪಿಬಿಟ್ಟರು. ಒಬ್ಬ ಎದುರಾಳಿಗೆ ಜ್ವರ, ಇನ್ನೊಬ್ಬ ತನ್ನ ಕಾರ್ಡಿನ ಕಟ್ಟನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದ. ಇರಲಿ, ಫೈನಲ್ ಫೈನಲ್ಲೇ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೋಟೋಗೆಂದು ತಲೆ ಬಾಚಿಕೊಂಡು ಬಂದರು.

ಎದುರಿಗೆ ಶಿಶುವಿಹಾರದ ಟೀಚರಮ್ಮ. ಬಾಯಿ ತೆರೆದರೆ ಸಕ್ಕರೆ, ಕಾರ್ಡು ಇಟ್ಟರೆ ಕಸಾಯಿಖಾನೆ. ಅಂಗಡಿಯವನು, "ನಿಮ್ಮೆದುರು ಆಡ್ತಿರೋದು ಜಡ್ಜಮ್ಮನ ಗಂಡ, ಬೇರೆ ಜಡ್ಜ್ ಬೇಕಾ?" ಎಂದು ಕೇಳಿದ. ಟೀಚರಮ್ಮ ನಕ್ಕು, "ಅಂಕಲ್‌ಗೆ ಬೇಕೇನೋ ಕೇಳಿ," ಎಂದರು.

ಆಟ ಕೊನೆಗೆ ಬಂತು. ಟೀಚರಮ್ಮನ ಕೋಟೆಗೆ ಉಳಿದದ್ದು ಐದೇ ಪ್ರಾಣ. ಮಾವನ ಮುಂದೆ ಬೂದಿಸರ್ಪ. ಅದರ ಮೇಲೆ ಬರೆದದ್ದು: ಇದು ಸತ್ತರೆ ಎದುರಾಳಿಯ ಕೋಟೆಗೆ ಐದು ಪೆಟ್ಟು. ಟೀಚರಮ್ಮನ ಮುಂದೆ ಮೌನದ ಮಾಟಗಾತಿ. ಅವಳ ಮೇಲೆ ಬರೆದದ್ದು: ಈಕೆ ಮೇಜಿನ ಮೇಲಿರುವವರೆಗೆ ಯಾರ ಸಾವಿನಿಂದಲೂ ಏನೂ ಆಗುವಂತಿಲ್ಲ. ಮಾವ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿದರು, ಗೋಡೆ ನೋಡಿದರು, ಪ್ರಳಯ ಎಂಬ ಕಾರ್ಡನ್ನು ಪಟ್ಟನೆ ಬಡಿದರು. ಪ್ರಳಯ ಬಂದರೆ ಮೇಜಿನ ಮೇಲಿರುವ ಜೀವಿಗಳೆಲ್ಲ ಸಾಯುತ್ತವೆ.

"ಸರ್ಪ ಸತ್ತಿತು, ಐದು ಪೆಟ್ಟು, ಕೋಟೆ ಬಿತ್ತು!" ಮಾವ ಎದ್ದೇ ನಿಂತರು. ಯಾರೋ ಚಪ್ಪಾಳೆ ಹೊಡೆದರು. ಅದು ನಾನೇ.

ಟೀಚರಮ್ಮ ಮೆಲ್ಲಗೆ ಕೈ ಎತ್ತಿದರು. "ಜಡ್ಜಮ್ಮ?"

ಅತ್ತೆ ಬಂದರು. ಕನ್ನಡಕ ಇಳಿಯಿತು. ಮೂರೂ ಕಾರ್ಡನ್ನು ಓದಿದರು. ಅವರ ಧ್ವನಿ ಕೊನೆಯ ಸಾಲಿನಲ್ಲಿ ಸ್ವಲ್ಪ ನಿಂತಿತು, ನಾನು ಗಮನಿಸಿದೆ.

"ಪ್ರಳಯದಲ್ಲಿ ಎಲ್ಲರೂ ಒಟ್ಟಿಗೆ ಸಾಯ್ತಾರೆ, ಒಬ್ಬರ ಹಿಂದೆ ಒಬ್ಬರಲ್ಲ. ಸರ್ಪ ಸಾಯೋ ಕ್ಷಣದಲ್ಲಿ ಮಾಟಗಾತಿ ಎಲ್ಲಿದ್ಲು? ಮೇಜಿನ ಮೇಲೆ. ಅಂದ್ರೆ ಅವಳ ಮಾತು ನಡೆಯತ್ತೆ. ಪೆಟ್ಟಿಲ್ಲ."

"ಅವಳೂ ಸತ್ಲಲ್ಲೇ!" ಮಾವನ ಕೂಗಿಗೆ ಕೆಳಗಿನ ಹಲ್ಲಿನ ಡಾಕ್ಟರ ಕೈ ನಡುಗಿರಬೇಕು. "ಸತ್ತವಳು ಬೇಡ ಅಂದ್ರೆ ಯಾರು ಕೇಳ್ಬೇಕು?"

"ಮುಂದಿನ ಕ್ಷಣದಿಂದ ಯಾರೂ ಕೇಳ್ಬೇಕಿಲ್ಲ. ಆ ಕ್ಷಣ ಕೇಳ್ಬೇಕು. ಆಟ ಮುಂದುವರಿಸಿ, ಆಟಗಾರರೇ."

ಆಟಗಾರರೇ! ಕಟ್ಟಿಕೊಂಡ ಗಂಡನಿಗೆ! ಮುಂದಿನ ಸರದಿಯಲ್ಲಿ ಟೀಚರಮ್ಮ ಹೊಸದೊಂದು ರಾಕ್ಷಸನನ್ನು ಇಳಿಸಿ ಮಾವನ ಕೋಟೆಯನ್ನು ನೆಲಸಮ ಮಾಡಿದರು. "ಪರವಾಗಿಲ್ಲ ಅಂಕಲ್, ತುಂಬಾ ಚೆನ್ನಾಗಿ ಆಡಿದ್ರಿ," ಎಂದರು, ಬಣ್ಣ ಚೆಲ್ಲಿಕೊಂಡ ಮಗುವಿಗೆ ಹೇಳುವ ಹಾಗೆ. ಆಮೇಲೆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಾವ ಕುರ್ಚಿ ಜೋಡಿಸಿದರು.

ಬಸ್ಸಿನಲ್ಲಿ ಅವರು ಚೀಲ ತೆರೆದು, ಸೋತಾಗ ಕೈಯಲ್ಲಿ ಉಳಿದಿದ್ದ ಕಾರ್ಡುಗಳನ್ನು ನೋಡಿ ಹಣೆ ಚಚ್ಚಿಕೊಂಡರು. ಅದರಲ್ಲಿ ಸುಂಟರಗಾಳಿ ಇತ್ತು. ಒಂದು ಜೀವಿಯನ್ನು ಮೇಜಿನಿಂದ ಎತ್ತಿ ಒಡೆಯರ ಕೈಗೆ ಕಳಿಸುವ ಕಾರ್ಡು. ಮೊದಲು ಗಾಳಿ ಬಿಟ್ಟು ಮಾಟಗಾತಿಯನ್ನು ಎಬ್ಬಿಸಿ, ಆಮೇಲೆ ಪ್ರಳಯ ತಂದಿದ್ದರೆ ಗೋಡೆಯ ಮೇಲೆ ಮಾವ ಇರುತ್ತಿದ್ದರು.

"ಎದುರಿಗೆ ಕೂತು ಆಡೋರು ಒಬ್ಬರಿದ್ದಿದ್ರೆ ಇದು ಹೊಳೀತಿತ್ತು," ಎಂದು ಅವರು ಕಿಟಕಿಗೆ ಹೇಳಿದರು. ಅತ್ತೆ ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಅವತ್ತಿನಿಂದ ಮಾವ ಮಾತು ಬಿಟ್ಟರು. ಏನೇ ಬೇಕಿದ್ದರೂ ನನ್ನ ಮೂಲಕ. "ಜಡ್ಜಮ್ಮನವರಿಗೆ ಹೇಳಮ್ಮ, ಟವೆಲ್ ಬೇಕಂತೆ." ಅತ್ತೆಯೂ ಕಡಿಮೆಯೇನಲ್ಲ. "ಆಟಗಾರರಿಗೆ ಹೇಳು, ಹಗ್ಗದ ಮೇಲಿದೆಯಂತೆ." ನನ್ನ ಗಂಡ ಆಸ್ಪತ್ರೆಯ ಪಾಳಿ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡ. ನಡುವೆ ಸಿಕ್ಕಿ ಸೊರಗಿದ್ದು ನಾನು. ಆದರೆ ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತೆ ಅಳುವುದನ್ನು ಒಂದು ಬೆಳಗ್ಗೆ ಕೇಳಿದ ಮೇಲೆ ಇಬ್ಬರ ಮೇಲಿನ ಸಿಟ್ಟೂ ಇಳಿದುಹೋಯಿತು.

ಭಾನುವಾರ ಬೆಳಗ್ಗೆ ಮಾವ ಚಪ್ಪಲಿ ಗೂಡಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ನೇರವಾಗಿ ಮುಂದಿನ ಕೋಣೆಗೆ ಬಂದು, ಅಜ್ಜಿಯ ಫೋಟೋದ ಕೆಳಗಿನ ಮೇಜಿನ ಮೇಲೆ ಇಟ್ಟರು. ಕೈ ಎತ್ತಿದರು.

"ಜಡ್ಜಮ್ಮಾ!"

ಅತ್ತೆ ಒದ್ದೆ ಕೈಯಲ್ಲೇ ಬಂದರು. ಚೀಲ ನೋಡಿ ಮುಖ ಕೆಂಪಾಯಿತು. "ರೀ, ಏನಿದು? ಅತ್ತೆ ಮಾತು ಮರೆತುಹೋಯ್ತಾ?"

"ಮರೆತಿಲ್ಲ. ಆ ಮಾತಿನ ಮೇಲೇ ತೀರ್ಪು ಬೇಕು. ಅಮ್ಮ ಅಂದಿದ್ದೇನು? ಕಾರ್ಡು ಓದೋ ಹಾಗೆ ಓದು."

"ನಾನಿರೋವರೆಗೂ ಈ ಮನೇಲಿ ಎಲೆ…" ಅತ್ತೆ ಅಷ್ಟಕ್ಕೇ ನಿಂತರು. ಕನ್ನಡಕ ಹಣೆಯ ಮೇಲೆಯೇ ಉಳಿದಿತ್ತು.

"ನೀನೇ ಹೇಳಿದ್ದು, ಮುಂದಿನ ಕ್ಷಣದಿಂದ ಯಾರೂ ಕೇಳ್ಬೇಕಿಲ್ಲ ಅಂತ. ಅಮ್ಮ ಗೋಡೆ ಮೇಲಿದ್ದಾಳೆ ಕಣೇ. ಮೇಜಿನ ಮೇಲಿಲ್ಲ."

ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಊರಿನವರ ಕಾರ್ಡುಗಳನ್ನೆಲ್ಲ ಅಕ್ಷರ ಬಿಡದೆ ಓದಿದ ಹೆಂಗಸು, ಮನೆಯ ಒಂದೇ ಒಂದು ಸಾಲನ್ನು ಇಷ್ಟು ವರ್ಷ ಓದದೆಯೇ ಜಾರಿಗೆ ತಂದಿದ್ದರು. ಅತ್ತೆ ಕುರ್ಚಿ ಎಳೆದು ಕೂತರು.

"ನಂಗೆ ಗೊತ್ತಿಲ್ದೆ ಇಲ್ಲ ರೀ. ಗೊತ್ತಿದ್ದೇ ಬಿಟ್ಟಿದ್ದೆ. ನಾನು ಈ ಮನೆಗೆ ಬಂದಾಗ ಅವರೊಬ್ಬರೇ ನನ್ನ ಕಡೆ ನಿಂತಿದ್ದು. ಅವರ ಸೀರೆ ಕೊಟ್ಟಾಯ್ತು, ಮಂಚ ಕೊಟ್ಟಾಯ್ತು. ಆ ಮಾತೂ ಹೋದ್ರೆ ಅವರದ್ದು ಅಂತ ಇಲ್ಲಿ ಏನುಳಿಯತ್ತೆ?"

ಮಾವ ಮೆಲ್ಲಗೆ ಚೀಲದ ದಾರ ಕಟ್ಟಲು ಶುರುಮಾಡಿದರು. ಅತ್ತೆ ಆ ಕೈಯ ಮೇಲೆ ಒದ್ದೆ ಕೈ ಇಟ್ಟರು.

"ಬಿಡಿ. ತೀರ್ಪು ಗಂಡನಿಗೊಂದು ನನಗೊಂದು ಆಗಲ್ಲ. ಹಾಕಿ ಎಲೆ."

ಆಡಲು ಅತ್ತೆ ನನ್ನ ಕಾರ್ಡಿನ ಕಟ್ಟು ತೆಗೆದುಕೊಂಡರು. ನಾನು ಅದನ್ನು ಗುಟ್ಟಾಗಿ ಕೊಂಡು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆನೆಂಬ ವಿಷಯದ ವಿಚಾರಣೆ ಆಮೇಲೆ ನಡೆಯಿತು. ತೀರ್ಪು ಕೊಡುವವರು ಆಡಿದ್ದನ್ನು ಅದೇ ಮೊದಲು ನೋಡಿದ್ದು. ಬಿಟ್ಟುಕೊಡುವ ಮಾತೇ ಇಲ್ಲ, ಮಾವನ ಕೋಟೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಿತ್ತರು. ಕೊನೆಗೆ ನನ್ನ ಕಟ್ಟಿನ ಮೌನದ ಮಾಟಗಾತಿಯನ್ನೂ ಇಳಿಸಿ ಕೈಕಟ್ಟಿ ಕೂತರು.

ಮಾವನ ಮುಂದೆ ಬೂದಿಸರ್ಪ. ಅತ್ತೆಯ ಕೋಟೆಯಲ್ಲಿ ಪ್ರಾಣ ನಾಲ್ಕೇ. ಮಾವ ಪ್ರಳಯದ ಮೇಲೆ ಬೆರಳಿಟ್ಟರು, ತಡೆದರು. ಪಕ್ಕದ ಸುಂಟರಗಾಳಿಯನ್ನು ಎಳೆದು ಮೊದಲು ಅದನ್ನು ಇಟ್ಟರು. ಮಾಟಗಾತಿ ಮೇಜಿನಿಂದ ಎದ್ದು ಅತ್ತೆಯ ಕೈ ಸೇರಿದಳು. ಆಮೇಲೆ ಪ್ರಳಯ. ಸರ್ಪ ಸತ್ತಿತು.

"ಸರಿನಾ?" ಮಾವ ಕಾರ್ಡಿನಿಂದ ಬೆರಳು ತೆಗೆಯದೆ ಕೇಳಿದರು.

ಅತ್ತೆ ಕನ್ನಡಕ ಇಳಿಸಿ ಕಾರ್ಡುಗಳನ್ನು ಒಂದೊಂದಾಗಿ ಓದಿದರು.

"ಸರಿ ಇದೆ. ನೀವು ಗೆದ್ರಿ."

ಮಾವ ಎದ್ದು ನಿಂತು ಎರಡೂ ಕೈ ಎತ್ತಿದರು. ಆಮೇಲೆ ಖಾಲಿ ಕೋಣೆಯನ್ನು ಸುತ್ತ ನೋಡಿ ಕೈ ಇಳಿಸಿದರು. "ಥೂ, ಗೆದ್ದಾಗ ಯಾರೂ ನೋಡ್ಲಿಲ್ವಲ್ಲೇ."

ಪಕ್ಕದಲ್ಲೇ ನಿಂತಿದ್ದ ನಾನು ಇಬ್ಬರ ಲೆಕ್ಕಕ್ಕೂ ಬರಲಿಲ್ಲ. ಅತ್ತೆ ಅಜ್ಜಿಯ ಫೋಟೋ ಕಡೆ ಗದ್ದ ಎತ್ತಿ ತೋರಿಸಿದರು.

"ಅವರು ನೋಡಿದ್ರು."