ಸೋಮು ಕಾಕಾನ ಬೀಗರ ಹಾಡು

ಇವತ್ತು ಕೋಠಿ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿಯ ಪಾಲಿಶ್ ವಾಸನೆ ಮೂಗಿಗೆ ಬಡಿಯಿತು. ಸೋಮು ಕಾಕಾ ನೆನಪಾದ.

ನಮ್ಮವರ ಮದುವೆಗಳಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು ಕಟ್ಟಿ ಹಾಡುವವನು ಅವನೇ. ನಡುನಡುವೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡು ಧೊಪ್ಪನೆ ಬಿದ್ದು ನಗಿಸುತ್ತಿದ್ದ. ಸೋದರತ್ತೆಯ ಮದುವೆಯಲ್ಲಿ ವರನ ಅಪ್ಪನ ಕುಡಿತದ ಮೇಲೆ ಹಾಡಿದ. ಆ ಬೀಗ ವೇದಿಕೆ ಹತ್ತಿ, ಹಾರ್ಮೋನಿಯಂ ಎತ್ತಿ ಕಾಕಾನ ಬಾಯಿಗೆ ಬಡಿದ. ಮತ್ತೆ ಬಡಿದ. ಇದೂ ಆಟವೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ನನ್ನ ಮಗ ಇವತ್ತ ಭಾಳ ಛಲೋ ಬಿದ್ದಾನ ನೋಡ್ರಿ," ಎಂದು ಅಜ್ಜಿ ನಕ್ಕು ಕಣ್ಣೊರೆಸಿಕೊಂಡಳು. ಹಲ್ಲೊಂದು ಅವಳ ಕಾಲ ಬಳಿ ಬಂದು ಬಿದ್ದಾಗ ನಗು ನಿಂತಿತು.

ಕಾಕಾ ಈಗ ಹೆಸರಾದ ಹಾಡುಗಾರ, ಹಾಸ್ಯಗಾರ. ಕೂಕಟ್‌ಪಲ್ಲಿಯಲ್ಲಿ ಮೊನ್ನೆಯೂ ವೇದಿಕೆ ಹತ್ತಿದ. ಅವನು ಹಾಡುವ ಮೊದಲೇ, ಅಂದಿನ ಏಟಿಗೆ ಸೊಟ್ಟಗಾದ ಆ ಬಾಯಿ ನೋಡಿಯೇ ಜನ ನಗತೊಡಗಿದರು. ಕೂತಲ್ಲೇ ನನ್ನ ಮುಷ್ಟಿ ಬಿಗಿಯಿತು.