ಮುಯ್ಯಾಳಿಲ್ಲದ ತೋಟ

ಮಿರ್ಲೆಯ ಮಹದೇವಪ್ರಸಾದ್ ಹೋದ ಆಗಸ್ಟ್ ಹನ್ನೊಂದರ ಬೆಳಗಿನ ಜಾವ ತೀರಿಕೊಂಡ. ಐವತ್ತೆಂಟು ವರ್ಷವಾಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಮದುವೆಯಾಗಿರಲಿಲ್ಲ. ಮಧ್ಯಾಹ್ನ ಅವನ ತೋಟದಲ್ಲೇ ಮಣ್ಣು ಮಾಡಿದರು.

ಕಾಫಿ ಹಣ್ಣು ಸುಲಿಯುವ ಯಂತ್ರ ಕೂರಿಸುವುದು ಅವನ ಕಸುಬು. ಹುಣಸೂರಿನ ವರ್ಕ್‌ಶಾಪೊಂದರಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೆ, ಅದೇ ಕೆಲಸಕ್ಕೆ ಹವಾಯಿ ದ್ವೀಪಕ್ಕೆ ಹೋಗಿ ಎರಡು ವರ್ಷ ಇದ್ದ. ಅಲ್ಲಿ ಒಬ್ಬ ಮುದುಕಿಯ ಕೆಸವಿನ ಗದ್ದೆಗೆ ಶನಿವಾರ ಶನಿವಾರ ಊರಿನವರೆಲ್ಲ ಬಂದು ಕೆಸರಿಗಿಳಿಯುತ್ತಿದ್ದರು. ಇವನೂ ಇಳಿದ. ಹೊಳೆಯಿಂದ ಬಂದ ನೀರು ಮಡಿಯಿಂದ ಮಡಿಗೆ ಹರಿದು ಮತ್ತೆ ಹೊಳೆಗೇ ಸೇರಬೇಕು, ಕೆಳಗಿನವನ ಪಾಲನ್ನು ಮೇಲಿನವನು ತಡೆಯಬಾರದು. ನೆಲ ನಮ್ಮ ಸ್ವತ್ತಲ್ಲ, ನಾವು ಅದನ್ನು ನೋಡಿಕೊಳ್ಳುವವರು. ಕೆಸು ನಮಗಿಂತ ಮೊದಲು ಹುಟ್ಟಿದ ಅಣ್ಣ, ತಮ್ಮ ಸಾಕಿದರೆ ಅಣ್ಣ ಉಣಿಸುತ್ತಾನೆ. ಮುದುಕಿ ಹೇಳಿದ್ದು ಇಷ್ಟು. ಅಷ್ಟನ್ನೇ ನಂಬಿಕೊಂಡು ಊರಿಗೆ ಬಂದ ಪ್ರಸಾದ, ಕಾಲುವೆ ಕೆಳಗಿನ ಒಂದೂವರೆ ಎಕರೆಯಲ್ಲಿ ಭತ್ತ ಬಿಟ್ಟು ಕೆಸವು ಹಾಕಿದ. ಅದು ಊರಿನವರೆಲ್ಲರ ತೋಟವಾಗಬೇಕು ಎಂಬುದೊಂದೇ ಅವನ ಆಸೆ.

ಮೊದಲ ಶನಿವಾರ ಇಪ್ಪತ್ತು ಜನ ಬಂದರು.

"ಅವಾಯಿ ಅಂದ್ರೆ ಚಪ್ಲಿ ಮಾಡೋ ಊರಲ್ವೇನ್ಲಾ?" ಎಂದ ಪಕ್ಕದ ಗದ್ದೆಯ ಗೋವಿಂದಯ್ಯ.

"ಅಲ್ಲಿ ಕೆಸು ಅಂದ್ರೆ ಅಣ್ಣನ ಸಮ ಕಣಣ್ಣ."

"ಅಂಗಾರೆ ಮದ್ಯಾನುಕ್ಕೆ ನಿಮ್ಮಣ್ಣನ್ನೇ ಬೇಯ್ಸಿ ಇಕ್ಕೀಯಾ? ಗಂಟ್ಲು ತುರಿಸ್ದಂಗೆ ಹುಣಸೇಹಣ್ಣು ಜಾಸ್ತಿ ಬುಡು."

ಎಲ್ಲರೂ ನಕ್ಕರು, ಉಂಡರು. ಹೊರಡುವಾಗ ಗೋವಿಂದಯ್ಯ ಕೇಳಿದ: "ಬುಧವಾರ ನಮ್ಮಲ್ಲಿ ಕಳೆ. ಬತ್ತೀಯಲ್ಲ?"

ಅವನು ನನ್ನ ಹೊಲಕ್ಕೆ ಒಂದು ದಿನ, ನಾನು ಅವನ ಹೊಲಕ್ಕೆ ಒಂದು ದಿನ: ಊರಿನ ಮುಯ್ಯಾಳು ಅಂದರೆ ಇದೇ. ಪ್ರಸಾದನಿಗೆ ಅದು ಚಿಲ್ಲರೆ ವ್ಯವಹಾರವಾಗಿ ಕಂಡಿತು. "ಇದು ಮುಯ್ಯಾಳಲ್ಲ ಕಣಣ್ಣ. ನಿಮ್ದೇ ತೋಟ, ನೀವು ಮಾಡಿದ್ರಿ" ಎಂದ. ಬುಧವಾರ ಹೋಗಲಿಲ್ಲ.

ಮುಂದಿನ ಶನಿವಾರ ಒಂಬತ್ತು ಜನ ಬಂದರು. ಆಮೇಲೆ ನಾಲ್ವರು. ಆಮೇಲೆ ಯಾರೂ ಇಲ್ಲ. ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುತ್ತಾನಂತೆ ಎಂದು ಮಾತಾಯಿತು. ಗೆಡ್ಡೆ ಕಿತ್ತು ಮನೆಮನೆಯ ಜಗುಲಿಗೆ ಇಟ್ಟುಬಂದ. ಬದಲಿಗೆ ಯಾರೋ ಒಂದು ಮೊರ ರಾಗಿ ಕಳಿಸಿದರೆ ಬೇಡವೆಂದು ಹಿಂದಕ್ಕೆ ಕಳಿಸಿದ. ಮೂರು ವರ್ಷ ಪ್ರತಿ ಶನಿವಾರ ಹತ್ತು ಜನಕ್ಕೆ ಅಡಿಗೆ ಮಾಡಿದ. ಕಾಲುವೆ ಏರಿಯ ಮೇಲೆ ಮೊಪೆಡ್ಡಿನ ಸದ್ದಾದರೆ ಕೆಸರಿನಿಂದ ತಲೆಯೆತ್ತುತ್ತಿದ್ದ. ಅದು ಮುಂದೆ ಹೋಗುತ್ತಿತ್ತು. ಉಳಿದ ಸಾರನ್ನು ಸೋಮವಾರದ ತನಕ ಬಿಸಿ ಮಾಡಿಕೊಂಡು ಒಬ್ಬನೇ ಉಣ್ಣುತ್ತಿದ್ದ.

ಹೋದ ಜುಲೈನಲ್ಲಿ, ಕೆಳಗಿನ ಗದ್ದೆಯ ಮಾಯಮ್ಮ ನೀರು ನೋಡಲು ಬಂದಾಗ ಕೇಳಿಯೇಬಿಟ್ಟ. "ಯಾಕೆ ಮಾಯಕ್ಕ, ಯಾರೂ ಬರಲ್ಲ?"

"ನೀನು ಯಾರ ಹೊಲಕ್ಕೋಗಿದ್ದೆ ಹೇಳು. ಗೋವಿಂದಯ್ಯ ಕರದ, ಓಗ್ಲಿಲ್ಲ. ರಾಗಿ ಕೊಟ್ರೆ ಇಸ್ಕಳ್ಳಿಲ್ಲ. ಬರೀ ಕೊಡೋನು ದ್ಯಾವ್ರು ಕಣಪ್ಪ. ದ್ಯಾವ್ರ ಜೊತೇಲಿ ಯಾರು ಕುಂತ್ಕಂಡು ಕಳೆ ಕೀಳ್ತಾರೆ?"

ಪ್ರಸಾದ ಅಂದೇ ಸಂಜೆ ಗೋವಿಂದಯ್ಯನ ಮನೆಗೆ ಹೋಗಿ, ಕೆಲಸವಿದ್ದರೆ ಕರೆಯಣ್ಣ ಎಂದ. ಗೋವಿಂದಯ್ಯ ಕೂರು ಎನ್ನಲಿಲ್ಲ. "ನೋಡಾಣ" ಎಂದ. ಹದಿನೈದು ದಿನ ಯಾರೂ ಕರೆಯಲಿಲ್ಲ.

ಆಗಸ್ಟ್ ಹತ್ತರಂದು ಮಾಯಮ್ಮನ ಗದ್ದೆಯಲ್ಲಿ ನಾಟಿ. ಪ್ರಸಾದ ಕರೆಯದೆಯೇ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದ. "ಮಿಸಿನ್ನು ಕೂರ್ಸೋನು ಅಳತೆ ಇಡ್ಕಂಡು ನೆಡ್ತಾವ್ನೆ ನೋಡ್ರವ್ವ" ಎಂದು ಹೆಂಗಸರು ಆಡಿಕೊಂಡರು. ಮುಯ್ಯಾಳಿಗೆ ಬಂದಿದ್ದ ಗೋವಿಂದಯ್ಯ ಇಡೀ ದಿನ ಪಕ್ಕದಲ್ಲೇ ಬಾಗಿ ನೆಟ್ಟ. ಸಂಜೆ ಕೈ ತೊಳೆಯುತ್ತಾ, ಮುಖ ನೋಡದೆ, "ನಾಳೆ ನಮ್ದು. ಏಳು ಗಂಟೆಗೆಲ್ಲ ಬಂದ್ಬುಡು" ಎಂದ.

ಎಲ್ಲರೂ ಮನೆಗೆ ಹೋದರು. ಪ್ರಸಾದ ಹೋಗಲಿಲ್ಲ. ಗೋವಿಂದಯ್ಯ ಸಸಿ ಹಾಕಿದ್ದ ಒಟ್ಲಿನಲ್ಲಿ ಕಿತ್ತಿಟ್ಟಿದ್ದ ಪೈರಿನ ಕಟ್ಟುಗಳನ್ನು ಹೆಗಲಿಗೇರಿಸಿಕೊಂಡು ಹೋಗಿ, ಬೆಳಗಿನ ನಾಟಿಗೆ ಎಲ್ಲರ ಕೈಗೂ ಸಿಗುವಂತೆ, ಉತ್ತ ಗದ್ದೆಯ ಉದ್ದಕ್ಕೂ ಒಂದೊಂದಾಗಿ ಎಸೆದ.