ಪಿಂಚಣಿ ತಪಾಸಣೆಯಲ್ಲಿ ಫಸ್ಟ್ ಕ್ಲಾಸ್

ಕೋಟೆನಾಡಿನ ಮಹಾಜನರೇ, ಲೈಕು ಒತ್ತುವ ಸಜ್ಜನರೇ, ಈ ಮಾಜಿ ಹವಾಲ್ದಾರನ ವರದಿಯನ್ನು ಶಾಂತಚಿತ್ತರಾಗಿ ಆಲಿಸಿ.

ಗಡಿಯಲ್ಲಿ ಅಂಟಿದ ಮನಸ್ಸಿನ ಕಾಯಿಲೆಯಿಂದ ಯಾವ ಕೆಲಸದಲ್ಲೂ ನಿಲ್ಲಲಾಗುತ್ತಿಲ್ಲ ಎಂದು ಅಂಗವೈಕಲ್ಯ ಪಿಂಚಣಿ ಕೇಳಿದ್ದೇನೆ. ಇವತ್ತು ಅದರ ವೈದ್ಯಕೀಯ ತಪಾಸಣೆ. ಹಿರಿಯೂರಿನಿಂದ ಹೆಂಡತಿಯೂ ಜೊತೆಗೆ ಬಂದಿದ್ದಳು.

"ಹೇಗಿದೀರಿ?" ಎಂದರು ಡಾಕ್ಟರು.

ಸೇನೆಯ ಅಭ್ಯಾಸ ನೋಡಿ, ಎದ್ದು ನಿಂತು ಎದೆಯುಬ್ಬಿಸಿ "ಫಸ್ಟ್ ಕ್ಲಾಸ್, ಸರ್!" ಎಂದುಬಿಟ್ಟೆ.

ಹೆಂಡತಿ ಅಂಗಿ ಹಿಡಿದು ಜಗ್ಗಿದಳು. "ಕುಂತ್ಕಳ್ರಿ ಸುಮ್ನೆ! ಡಾಕ್ಟ್ರೇ, ಇವ್ರ ಮಾತು ನಂಬಬ್ಯಾಡ್ರಿ. ಐಮಂಗಲದ ಹತ್ರ ಫ್ಯಾಕ್ಟ್ರಿ ಗೇಟಲ್ಲಿ ಸೆಕ್ಯೂರಿಟಿ ಕೆಲ್ಸ ಸಿಕ್ಕಿತ್ತು. ಬಾಂಬ್ ಐತೆ ಅಂತ ಇವ್ರು ಮ್ಯಾನೇಜರ್ರ ಊಟದ ಡಬ್ಬೀನೇ ಬಿಚ್ಚಿಸಿದ್ರು!"

"ಏನಿತ್ತು ಅದರಲ್ಲಿ?"

"ಚಿತ್ರಾನ್ನ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. "ಹಿಂಗೆ ಹೋಗಿದ್ದು ಅದು ಮೂರನೇ ಕೆಲ್ಸ ರೀ. ಸಂತೆಯಿಂದ ಬಂದ್ರೆ ನನ್ನ ಚೀಲಾನೂ ತಡಕ್ತಾರೆ."

ಡಾಕ್ಟರು ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನೀವೇ ಹೇಳಿ, ಹೇಗಿದೀರಿ?" ನಾನು ಫ್ಯಾನು ನೋಡಿದೆ.

ಮಹಾಜನರೇ, ಪಿಂಚಣಿಯ ತೀರ್ಮಾನ ಇನ್ನೂ ಬಂದಿಲ್ಲ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹುಷಾರಿಲ್ಲ ಕಣ್ರಪ್ಪಾ.